ಚಿಕ್ಕವರೇ ಬೇಗ ಕಲಿಯುತ್ತಾರಾ? ಸ್ಪ್ಯಾನಿಷ್ ತರಗತಿ ಹೇಳುವ ಲೆಕ್ಕ

ಅಮೆರಿಕದ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟರೆ ಅತಿ ಹೆಚ್ಚು ಕಲಿಸುವ ಭಾಷೆ ಸ್ಪ್ಯಾನಿಷ್. 2008ರ ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಪ್ರಕಾರ, ಬೇರೆ ಭಾಷೆ ಕಲಿಸುವ ಪ್ರಾಥಮಿಕ ಶಾಲೆಗಳ ಪೈಕಿ ಶೇ. 88ರಷ್ಟು ಶಾಲೆಗಳಲ್ಲಿ ಸ್ಪ್ಯಾನಿಷ್ ಇತ್ತು. ಅಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಮನೆಗಳ ಮಕ್ಕಳಿಗೂ ಇದು ಮೂರನೆಯ ಭಾಷೆ. ಆದರೂ ನಾಲ್ಕೈದು ವರ್ಷ ಕಲಿತ ಅನೇಕ ಮಕ್ಕಳು ಬಣ್ಣ, ಅಂಕಿ, ವಾರದ ಹೆಸರುಗಳನ್ನು ದಾಟಿ ಹೋಗಿರುವುದಿಲ್ಲ. ತಪ್ಪು ಮಕ್ಕಳದ್ದಲ್ಲ. "ಚಿಕ್ಕವರಿಗೆ ಭಾಷೆ ತಾನಾಗಿ ತಲೆಗೆ ಹತ್ತುತ್ತದೆ" ಎಂಬ ನಮ್ಮ ನಂಬಿಕೆಯಲ್ಲೇ ಅರ್ಧ ತಪ್ಪಿದೆ.

ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್-ಹೋಲೆ ಎಂಬ ಸಂಶೋಧಕಿಯರು 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೆದರ್ಲೆಂಡ್ಸ್‌ಗೆ ಬಂದ ಇಂಗ್ಲಿಷ್ ಮಾತಿನ ಕುಟುಂಬಗಳು ಡಚ್ ಕಲಿಯುವುದನ್ನು ಅವರು ಸುಮಾರು ಒಂದು ವರ್ಷ ಗಮನಿಸಿದ್ದರು. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಕಲಿತವರು 12ರಿಂದ 15 ವರ್ಷದವರು. ಮೂರರಿಂದ ಐದು ವರ್ಷದ ಪುಟಾಣಿಗಳು ಹಿಂದೆ ಉಳಿದಿದ್ದರು. ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಅವರ ತಂಡವೂ ಇಂಥದ್ದನ್ನೇ ಕಂಡಿತು. 8ನೇ ವಯಸ್ಸಿಗೆ ಇಂಗ್ಲಿಷ್ ಶುರು ಮಾಡಿದವರನ್ನು 11ಕ್ಕೆ ಶುರು ಮಾಡಿದವರ ಜೊತೆ ಹೋಲಿಸಿದರು. ತರಗತಿಯಲ್ಲಿ ಇಬ್ಬರೂ ಕಳೆದ ಗಂಟೆಗಳು ಸಮ. ಮುಂದೆ ಇದ್ದವರು ದೊಡ್ಡ ಮಕ್ಕಳೇ.

ಹಾಗಾದರೆ ಚಿಕ್ಕ ವಯಸ್ಸಿನ ಲಾಭ ಸುಳ್ಳಾ? ಅಲ್ಲ. ಭಾಷೆಯ ನಡುವೆಯೇ ವರ್ಷಗಟ್ಟಲೆ ಬೆಳೆದರೆ ಕೊನೆಗೆ ಹೆಚ್ಚು ಎತ್ತರ ಮುಟ್ಟುವವರು ಬೇಗ ಶುರು ಮಾಡಿದವರೇ. ಆದರೆ ಅವರು ಕಲಿಯುವುದು ಕೇಳಿ, ಆಡಿ, ಮತ್ತೆ ಮತ್ತೆ ಕೇಳಿ. ಅದಕ್ಕೆ ಸಮಯ ಜಾಸ್ತಿ ಬೇಕು. ನಿಯಮ ಹಿಡಿದು ಓಡುವ ಶಕ್ತಿ ಅವರಿಗಿನ್ನೂ ಬಂದಿರುವುದಿಲ್ಲ.

ಈಗ ಗಂಟೆಗಳನ್ನು ಎಣಿಸೋಣ. ವಾರಕ್ಕೆ ಎರಡು ದಿನ, ದಿನಕ್ಕೆ 20 ನಿಮಿಷ, ವರ್ಷಕ್ಕೆ 36 ವಾರ. ಒಟ್ಟು 24 ಗಂಟೆ. ಅಮೆರಿಕದ ರಾಜತಾಂತ್ರಿಕರಿಗೆ ಸ್ಪ್ಯಾನಿಷ್ ಕಲಿಸುವ ಸರ್ಕಾರಿ ಸಂಸ್ಥೆ ವಯಸ್ಕರಿಗೇ 600 ಗಂಟೆಗೂ ಹೆಚ್ಚು ಪಾಠ ಇಡುತ್ತದೆ. 24 ಗಂಟೆಯ ಲೆಕ್ಕದಲ್ಲಿ ಅಲ್ಲಿಗೆ ತಲುಪಲು 25 ವರ್ಷ ಬೇಕು! ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 180 ದಿನ ಆದರೆ ಒಂದೇ ವರ್ಷಕ್ಕೆ 540 ಗಂಟೆ.

ಅಷ್ಟು ಸಮಯ ಕೊಡಲು ಧೈರ್ಯ ಮಾಡಿದ ಶಾಲೆಯೊಂದಿದೆ: ಮಯಾಮಿಯ ಕೋರಲ್ ವೇ. 1959ರ ಕ್ಯೂಬಾ ಕ್ರಾಂತಿಯ ನಂತರ ಸಾವಿರಾರು ಕುಟುಂಬಗಳು ಆ ಊರಿಗೆ ಬಂದವು. ಅವರಲ್ಲಿ ಅನುಭವಿ ಶಿಕ್ಷಕರೂ ಇದ್ದರು. 1963ರಲ್ಲಿ ಫೋರ್ಡ್ ಫೌಂಡೇಶನ್‌ನ ನೆರವಿನಿಂದ ಪೌಲಿನ್ ರೋಹಾಸ್ ಅವರ ಮುಂದಾಳತ್ವದಲ್ಲಿ ಅಲ್ಲಿ ಎರಡು ಭಾಷೆಗಳ ಶಿಕ್ಷಣ ಶುರುವಾಯಿತು. ಇಂಗ್ಲಿಷ್ ಮಾತಿನ ಮಕ್ಕಳು, ಸ್ಪ್ಯಾನಿಷ್ ಮಾತಿನ ಮಕ್ಕಳು ಇಬ್ಬರೂ ಒಂದೇ ಶಾಲೆಯಲ್ಲಿ. ಬೆಳಿಗ್ಗೆ ಸ್ವಂತ ಭಾಷೆಯಲ್ಲಿ ಪಾಠ, ಮಧ್ಯಾಹ್ನದ ಮೇಲೆ ಇನ್ನೊಂದು ಭಾಷೆಯಲ್ಲಿ. ಹಾಡು, ಚಿತ್ರ, ಆಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ. ಸ್ಪ್ಯಾನಿಷ್ ಇಲ್ಲಿ ಬರೀ ಒಂದು ವಿಷಯವಾಗಿರಲಿಲ್ಲ, ಗಣಿತವನ್ನೂ ವಿಜ್ಞಾನವನ್ನೂ ಕಲಿಸುವ ಮಾಧ್ಯಮವಾಗಿತ್ತು. ಮಕ್ಕಳ ಇಂಗ್ಲಿಷ್ ಹಿಂದೆ ಬೀಳುತ್ತದೆಂಬ ಭಯ ಹಲವರಿಗಿತ್ತು. ಮೊದಲ ವರ್ಷಗಳ ಪರೀಕ್ಷೆಗಳಲ್ಲಿ ಹಾಗೇನೂ ಆಗಲಿಲ್ಲ. ನನಗೆ ಈ ಶಾಲೆಯ ಬಗ್ಗೆ ತುಂಬ ಗೌರವ. ಅದು ಹೊಸದಾಗಿ ಬಂದ ಮಕ್ಕಳ ಭಾಷೆಯನ್ನು ಕೊರತೆ ಎಂದು ನೋಡಲಿಲ್ಲ.

ಸಮಯದ ಜೊತೆಗೆ ಅದನ್ನು ಬಳಸುವ ರೀತಿಯೂ ಮುಖ್ಯ. 1960ರ ದಶಕದಲ್ಲಿ ಜೇಮ್ಸ್ ಆಶರ್ ಎಂಬ ಮನಃಶಾಸ್ತ್ರಜ್ಞರು ಮೈ ಆಡಿಸುತ್ತಾ ಕಲಿಯುವ ವಿಧಾನ ಬೆಳೆಸಿದರು. ಟೀಚರ್ "ಸಾಲ್ತಾ" ಎಂದರೆ ಮಗು ಜಿಗಿಯಬೇಕು. "ಸಿಯೆಂತಾತೆ" ಎಂದರೆ ಕೂರಬೇಕು. ಮಾತಾಡು ಎಂಬ ಒತ್ತಾಯವಿಲ್ಲ. ಹಸುಗೂಸುಗಳೂ ತಿಂಗಳುಗಟ್ಟಲೆ ಕೇಳಿಸಿಕೊಂಡ ಮೇಲೇ ಬಾಯಿ ಬಿಡುತ್ತವೆ, ಅಲ್ವಾ?

ಇನ್ನೊಂದು ಒಳ್ಳೆಯ ಸುಳಿವು ಸ್ಟ್ಯಾನ್‌ಫರ್ಡ್‌ನಿಂದ ಬಂತು. ಸ್ಪ್ಯಾನಿಷ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಇದೆ. ಮೇಜು ಹೆಣ್ಣು: "ಲಾ ಮೆಸಾ". ಶೂ ಗಂಡು: "ಎಲ್ ಸಪಾತೊ". ಕೇಸಿ ಲ್ಯೂ-ವಿಲಿಯಮ್ಸ್ ಮತ್ತು ಆನ್ ಫರ್ನಾಲ್ಡ್ 2007ರಲ್ಲಿ ಸ್ಪ್ಯಾನಿಷ್ ಮನೆಗಳ ಮೂರು ವರ್ಷದ ಮಕ್ಕಳಿಗೆ ಎರಡೆರಡು ಚಿತ್ರ ತೋರಿಸಿದರು. ಒಂದು ಚಿತ್ರ ಗಂಡು, ಇನ್ನೊಂದು ಹೆಣ್ಣು ಆಗಿದ್ದರೆ "ಲಾ" ಅಥವಾ "ಎಲ್" ಸಾಕು, ಕಣ್ಣು ಸರಿಯಾದ ಚಿತ್ರದ ಕಡೆಗೆ ಬೇಗ ಹೊರಳುತ್ತಿತ್ತು. ಎರಡನೆಯ ಭಾಷೆಯಾಗಿ ಕಲಿತ ವಯಸ್ಕರಲ್ಲಿ ಈ ಚುರುಕು ಕಾಣಲಿಲ್ಲ. ಬಹುಶಃ ಮಕ್ಕಳು "ಲಾ ಮೆಸಾ"ವನ್ನು ಒಂದೇ ತುಂಡಾಗಿ ಕೇಳಿ ಬೆಳೆಯುತ್ತಾರೆ. ದೊಡ್ಡವರು "ಮೆಸಾ" ಬಾಯಿಪಾಠ ಮಾಡಿ ಆಮೇಲೆ "ಲಾ" ಅಂಟಿಸುತ್ತಾರೆ. ಆದ್ದರಿಂದ ಪುಟ್ಟ ಮಕ್ಕಳಿಗೆ ಪದವನ್ನು ಒಂಟಿಯಾಗಿ ಕಲಿಸಲೇಬಾರದು ಎಂದು ನನ್ನ ಅನಿಸಿಕೆ.

ಕನ್ನಡ ಮಕ್ಕಳಿಗೆ ಇಲ್ಲಿ ಕೆಲವು ಅನುಕೂಲಗಳಿವೆ. ಬಾಯಿಯ ಮುಂದೆ ತೆಳು ಕಾಗದ ಹಿಡಿದು ಅಮೆರಿಕನ್ನರಂತೆ "ಪೇಪರ್" ಅನ್ನಿ. ಕಾಗದ ಅಲುಗುತ್ತದೆ. ಸ್ಪ್ಯಾನಿಷ್‌ನ "ಪಾಪೆಲ್"ಗೆ ಅಷ್ಟು ಉಸಿರು ಬೇಡ. ಅದು ನಮ್ಮ ಅಲ್ಪಪ್ರಾಣದ ಪ. ಅವರ ತ ಕೂಡ ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವ ತ. ಕ್ರಿಯಾಪದದ ಕೊನೆಯೇ "ನಾನು", "ನೀನು" ಎಂದು ತಿಳಿಸುವುದೂ ನಮಗೆ ಹೊಸದಲ್ಲ. "ತಿಂದೆ", "ತಿನ್ನುತ್ತಿದ್ದೆ" ನಡುವಿನ ವ್ಯತ್ಯಾಸ ಗೊತ್ತಿರುವ ಹುಡುಗಿಗೆ "ಕೊಮಿ", "ಕೊಮಿಯಾ" ಬೇಗ ಅರ್ಥವಾದೀತು. ಕಷ್ಟ ಆಗುವುದು ಲಿಂಗ. ನಮಗೆ ಮೇಜು ಬರೀ "ಅದು".

ಇಂಥ ಹೋಲಿಕೆ ಮಾಡಿ ವಿವರಿಸಲು ಸರಿಯಾದ ವಯಸ್ಸು 11ರಿಂದ 13. ಈ ಮಕ್ಕಳಿಗೆ ನಿಯಮ ಹೇಳಿ, ಕಾರಣ ಹೇಳಿ. ಅವರಿಗೆ ಅದು ಇಷ್ಟವೂ ಆಗುತ್ತದೆ. ಆದರೆ ಎಷ್ಟೋ ಕಡೆ 6ನೇ ತರಗತಿಗೆ ಬಂದ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, "ಉನೊ, ದೋಸ್, ತ್ರೆಸ್" ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಐದು ವರ್ಷ ಕಲಿತು ಬಂದ ಮಗು ಅಲ್ಲಿ ಸುಮ್ನೆ ಕೂರಬೇಕು. ಇದು ನಿಜಕ್ಕೂ ಅನ್ಯಾಯ. ಕೆಲವು ಶಾಲೆಗಳು ಅಂಥವರಿಗೆ ಬೇರೆ ತರಗತಿ ಮಾಡಿ, ಸಮಾಜ ವಿಜ್ಞಾನವನ್ನೋ ಸಾಹಿತ್ಯವನ್ನೋ ಸ್ಪ್ಯಾನಿಷ್‌ನಲ್ಲೇ ಮುಂದುವರಿಸುತ್ತವೆ. ಕೋರಲ್ ವೇ ಈಗ 8ನೇ ತರಗತಿಯವರೆಗಿನ ಶಾಲೆ. ಅಲ್ಲಿ ಮಗು 6ನೇ ತರಗತಿಗೆ ಬಂದಾಗ ಹಿಂದಿನ ವರ್ಷ ಬಿಟ್ಟ ಜಾಗದಿಂದಲೇ ಮುಂದಕ್ಕೆ ಕಲಿಯಬಹುದು.