ಹಿಟ್ಟು ತೊಳಸಲು ಜಾಗವಿಲ್ಲದ ಅಡುಗೆಮನೆ

"ಮೇಡಂ, ನೀವು ಬರ್ದಿರೋದ್ರಲ್ಲಿ ನಮ್ಮನೇಲಿ ಇರೋದು ನೀರೊಂದೇ."

ಹಾಸನದಲ್ಲಿ ಡಯಟಿಷಿಯನ್ ಆಗಿ ಕೂತು ಹದಿನಾಲ್ಕು ವರ್ಷವಾಯಿತು, ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಆಕೆಗೆ ನಲವತ್ತೊಂದು ವರ್ಷ, ಗಾರ್ಮೆಂಟ್ಸ್ ಕೆಲಸ. ಮೂರು ತಿಂಗಳ ಸಕ್ಕರೆಯ ಸರಾಸರಿ 9.2, ತೀರಾ ಜಾಸ್ತಿ. ಹಿಮೋಗ್ಲೋಬಿನ್ 8.9, ತೀರಾ ಕಡಿಮೆ. ನಾನು ಕೊಟ್ಟದ್ದು ಎಲ್ಲರಿಗೂ ಕೊಡುವ ಅಚ್ಚು ಹಾಕಿಸಿದ ಚಾರ್ಟು. ಹನ್ನೊಂದು ಗಂಟೆಗೊಂದು ಹಣ್ಣು, ಮಧ್ಯಾಹ್ನ ಸಣ್ಣದೊಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಪಲ್ಯ, ಮೊಳಕೆ ಕಾಳು, ಮಜ್ಜಿಗೆ. ಕೊನೆಯ ಸಾಲು: ದಿನಕ್ಕೆ ಎಂಟು ಲೋಟ ನೀರು. ಆಮೇಲೊಂದು ಶನಿವಾರ ಆಶಾ ಕಾರ್ಯಕರ್ತೆಯ ಜೊತೆ ಅವರ ಬಡಾವಣೆಗೆ ಹೋದಾಗ ಗೊತ್ತಾಯಿತು, ಅಲ್ಲಿ ನಲ್ಲಿ ನೀರು ಬರುವುದೂ ಮೂರು ದಿನಕ್ಕೊಮ್ಮೆ.

ಊರಾಚೆ ಇಪ್ಪತ್ತು ಮೂವತ್ತರ ಸೈಟುಗಳು. ಸರ್ಕಾರ ಕೊಟ್ಟ ಮನೆಗಳನ್ನು ನಮ್ಮ ಕಡೆ ಅವುಗಳ ಕಾಲದ ಹೆಸರಿನಲ್ಲೇ ಕರೆಯುತ್ತೇವೆ. ದೇವರಾಜ ಅರಸರ ಕಾಲದ್ದು ಜನತಾ ಮನೆ, ತೊಂಬತ್ತರ ದಶಕದ್ದು ಆಶ್ರಯ ಮನೆ, ಆಮೇಲಿನದು ಬಸವ ವಸತಿ. ಆಕೆಯದು ಆಶ್ರಯ ಮನೆ. ಒಂದು ಕೋಣೆ, ಅದರ ಮೂಲೆಯಲ್ಲಿ ಗೋಡೆ ಎಬ್ಬಿಸಿ ಮಾಡಿದ ಅಡುಗೆಮನೆ, ಅದರಲ್ಲೊಂದು ಕಲ್ಲುಚಪ್ಪಡಿಯ ಕಟ್ಟೆ, ಕಟ್ಟೆ ಮೇಲೆ ಗ್ಯಾಸ್ ಒಲೆ. ಇಬ್ಬರು ನಿಂತರೆ ಒಬ್ಬರು ಹೊರಗೆ ಹೋಗಬೇಕು.

"ಮುದ್ದೆ ಯಾಕೆ ಮಾಡಲ್ಲ? ನೀವು ಚನ್ನರಾಯಪಟ್ಟಣದ ಕಡೆಯವರು, ಹಿಟ್ಟು ಉಂಡು ಬೆಳೆದವರು" ಅಂದೆ. ಆಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಒಲೆ ಮೇಲೊಂದು ಪಾತ್ರೆ ಇಟ್ಟು, ಕೋಲು ಹಿಡಿದು ತೊಳಸುವ ಹಾಗೆ ಮಾಡಿ ತೋರಿಸಿದರು. ಕಟ್ಟೆ ಎದೆಯ ಹತ್ತಿರ ಬರುತ್ತದೆ, ತೋಳಿಗೆ ಬಲ ಸಿಗುವುದಿಲ್ಲ. ಒತ್ತಿದ ಕಡೆ ಪಾತ್ರೆ ಜಾರುತ್ತದೆ, ಪಾತ್ರೆಯ ಜೊತೆ ಒಲೆಯೂ ಜಾರುತ್ತದೆ. ಐದು ಜನರ ಹಿಟ್ಟು ತೊಳಸಬೇಕಾದರೆ ನೆಲದಲ್ಲಿ ಕೂರಬೇಕು, ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿಯಬೇಕು, ಮೈಯ ಭಾರವೆಲ್ಲ ಕೋಲಿನ ಮೇಲೆ ಬಿಡಬೇಕು. ನನ್ನ ಅಜ್ಜಿ ಮಾಡುತ್ತಿದ್ದದ್ದೇ ಹಾಗೆ, ನೋಡುತ್ತಲೇ ಬೆಳೆದಿದ್ದೇನೆ. ಚಾರ್ಟ್ ಬರೆಯುವಾಗ ಮಾತ್ರ ಅದು ಒಂದು ದಿನವೂ ನೆನಪಿಗೆ ಬಂದಿರಲಿಲ್ಲ. ಆ ಮನೆಯಲ್ಲಿ ಕೋಲು ಹಿಡಿದು ಕೂರಲು ನೆಲವಿಲ್ಲ. ಅನ್ನಕ್ಕಾದರೆ ಕುಕ್ಕರ್ ಮೂರು ಸಲ ಕೂಗಿದರೆ ಆಯಿತು, ಏಳೂವರೆಗೆ ಗಾರ್ಮೆಂಟ್ಸ್ ಬಸ್ಸು ಹಿಡಿಯಬಹುದು.

ಈಗಿನ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆಯ ಜಾಗವೂ ಅದರೊಳಗೇ ಬರಬೇಕು. ಮೊದಲು 20 ಇತ್ತು. ಹೆಚ್ಚಿಸಿದ್ದು ಒಳ್ಳೆಯದೇ. ಆದರೂ 25 ಅಂದರೆ ಸುಮಾರು 270 ಚದರ ಅಡಿ. ಹಿತ್ತಲಿನ ಅಳತೆ ಆ ಲೆಕ್ಕದಲ್ಲಿಲ್ಲ. ಬಯಲುಸೀಮೆಯ ಬಡವರ ಊಟದಲ್ಲಿ ಅರ್ಧ ಬರುತ್ತಿದ್ದದ್ದು ಹಿತ್ತಲಿನಿಂದ ಮತ್ತು ಹೊಲದ ಬದುವಿನಿಂದ. ನುಗ್ಗೆ, ಅಣ್ಣೆ ಸೊಪ್ಪು, ಗಣಿಕೆ, ಹೊನಗೊನೆ ಎಲ್ಲ ಸೇರಿಸಿದ ಬೆರಕೆ ಸೊಪ್ಪಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಬಡಾವಣೆಯಲ್ಲಿ ಎರಡು ಗೋಡೆಗಳ ನಡುವೆ ಮೂರಡಿ ಚರಂಡಿ. ಸೊಪ್ಪು ಬೇಕೆಂದರೆ ಆಟೋ ಹಿಡಿದು ಕಟ್ಟಿನಕೆರೆ ಮಾರುಕಟ್ಟೆಗೆ ಬರಬೇಕು. ಫ್ರಿಜ್ ಇಲ್ಲದ ಮನೆ, ತಂದ ಸೊಪ್ಪು ಮಾರನೆಯ ದಿನಕ್ಕೆ ಬಾಡುತ್ತದೆ. ಬೀದಿ ಮೂಲೆಯ ಪೆಟ್ಟಿಗೆ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕತ್ತು, ಐದು ರೂಪಾಯಿಯ ಚಿಪ್ಸು ಸಾಲಕ್ಕೂ ಸಿಗುತ್ತದೆ. ಸೊಪ್ಪನ್ನು ಸಾಲಕ್ಕೆ ಯಾರು ಕೊಡುತ್ತಾರೆ?

ಇನ್ನು ಅಕ್ಕಿಯ ಮಾತು. 2013ರಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ಜನ ಸೋಮಾರಿಗಳಾದರು ಎಂದು ಕಾಫಿ ಕುಡಿಯುತ್ತಾ ಹೇಳುವವರು ನನ್ನ ನೆಂಟರಲ್ಲೂ ಇದ್ದಾರೆ. ತಿಂಗಳ ಕೊನೆಯ ವಾರ ಒಪ್ಪೊತ್ತು ಉಂಡು ಮಲಗಿದವರನ್ನು ಅವರು ಕಂಡಿಲ್ಲ, ಬಿಡಿ. ಹಸಿವಿನ ಮಟ್ಟಿಗೆ ಆ ಅಕ್ಕಿ ದೊಡ್ಡ ಕೆಲಸ ಮಾಡಿದೆ. ನನ್ನ ತಕರಾರು ಬೇರೆ. ಬಿಟ್ಟಿ ಬಂದ ಅಕ್ಕಿ ಮನೆಯಲ್ಲಿರುವಾಗ ದುಡ್ಡು ಕೊಟ್ಟು ರಾಗಿ ತಂದು, ಹಸನು ಮಾಡಿ, ಮಿಲ್ಲಿಗೆ ಹೊತ್ತು ಹಾಕಿಸಿಕೊಂಡು ಬರುವವರು ಯಾರು? ನಮ್ಮ ಕಡೆ ಕೆಲವು ತಿಂಗಳು ಸೊಸೈಟಿಯಲ್ಲಿ ಅಕ್ಕಿಯ ಪಾಲಿನಲ್ಲೇ ಒಂದಷ್ಟು ರಾಗಿ ಕೊಡುತ್ತಾರೆ. ಆಗ ಎರಡು ವಾರ ಮುದ್ದೆ ಮಾಡಿದೆವು ಎಂದು ಹೇಳುವ ರೋಗಿಗಳೂ ಸಿಗುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಸುಣ್ಣದಂಶ 360 ಮಿಲಿಗ್ರಾಂ ಆಸುಪಾಸು. ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಮಿಗೂ ಕಡಿಮೆ, ಸುಣ್ಣ ಹತ್ತು ಮಿಲಿಗ್ರಾಮೂ ಇಲ್ಲ. ಹಾಗಂತ ರಾಗಿ ಉಂಡರೆ ಸಕ್ಕರೆ ಏರುವುದೇ ಇಲ್ಲ ಅಂದುಕೊಳ್ಳಬೇಡಿ. ಎರಡು ದಪ್ಪ ಮುದ್ದೆ ನುಂಗಿ ಬರೀ ತಿಳಿಸಾರು ಕುಡಿದರೆ ಏರಿಯೇ ಏರುತ್ತದೆ.

ಆ ದಿನ ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಒಂದು ಚಿಕ್ಕ ತಟ್ಟೆ, ಅದರಲ್ಲಿ ಎತ್ತಿಟ್ಟ ಕಾಳು. ಕಲ್ಲಲ್ಲ. ಸ್ವಲ್ಪ ಹಳದಿ ಬಣ್ಣದ, ಬೇರೆ ಅಕ್ಕಿಗಿಂತ ನಯವಾದ ಕಾಳು. "ಪ್ಲಾಸ್ಟಿಕ್ ಅಕ್ಕಿ ಮೇಡಂ, ನೀರಿಗೆ ಹಾಕಿದ್ರೆ ತೇಲ್ತದೆ, ನಾವು ಬೀದಿಯವರೆಲ್ಲ ಆರಿಸಿ ಕೋಳಿಗೆ ಹಾಕ್ತೀವಿ." ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ತಂದು, ನೂರಕ್ಕೆ ಒಂದರಂತೆ ಕಲಸಿರುತ್ತಾರೆ. 2024ರ ಹೊತ್ತಿಗೆ ದೇಶದ ಎಲ್ಲ ಸೊಸೈಟಿಗೂ ಇದೇ ಅಕ್ಕಿ ಬಂದಿತ್ತು. ಅದೇನೆಂದು ಹೇಳುವವರು ಮಾತ್ರ ಅಕ್ಕಿಯ ಜೊತೆ ಬಂದಿರಲಿಲ್ಲ. ರಕ್ತಹೀನತೆಗೆ ನಾನು ಮಾತ್ರೆ ಬರೆಸಿದ್ದೇನೆ, ಆಕೆ ಕಬ್ಬಿಣವನ್ನು ಒಂದೊಂದೇ ಕಾಳು ಆರಿಸಿ ಕೋಳಿಗೆ ಹಾಕುತ್ತಿದ್ದಾರೆ. ಅರ್ಧ ಗಂಟೆ ಅಲ್ಲೇ ಕೂತು, ನಾಲ್ಕು ಕಾಳು ನೆನೆಸಿ ಬೆರಳಲ್ಲಿ ಹಿಸುಕಿ ಹಿಟ್ಟಾಗುವುದನ್ನು ತೋರಿಸಿದೆ. ನಂಬಿದರೋ ಇಲ್ಲವೋ. ಕೋಳಿಗಳಂತೂ ಚೆನ್ನಾಗಿದ್ದವು.

ಬೇಳೆಯ ಲೆಕ್ಕ ಇನ್ನೂ ಕಷ್ಟ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ದಿನಕ್ಕೆ ಒಬ್ಬರಿಗೆ ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ 85 ಗ್ರಾಂ ಎನ್ನುತ್ತದೆ. ಬರೀ ಬೇಳೆಯಲ್ಲೇ ತೂಗಿಸುವುದಾದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಹತ್ತು ಕೆಜಿ. ಆಕೆಯ ಮನೆಯಲ್ಲಿ ಐದು ಜನಕ್ಕೆ ತರುವುದು ಎರಡು ಕೆಜಿ. 2023ರ ಜುಲೈಯಿಂದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. ನನ್ನ ಬಳಿ ಬರುವವರಲ್ಲಿ ಕೆಲವರು ಅದರಲ್ಲಿ ಬೇಳೆ, ಎಣ್ಣೆ ತಂದರು, ಕೆಲವರದು ಸಂಘದ ಕಂತಿಗೆ ಹೋಯಿತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯೇ ಬಂತು.

ಸಕಲೇಶಪುರದ ಕಡೆಯ ರೋಗಿಗಳ ಕಥೆ ಬೇರೆ. ಅಲ್ಲಿ ಹಿಟ್ಟಿನ ಊಟವೇ ಕಡಿಮೆ, ಅಕ್ಕಿಯ ಸೀಮೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರು ಕಾರ್ಮಿಕರಿಗೆ ಮನೆ ಕೊಡಬೇಕೆಂದಿತು. ಲೈನ್ ಮನೆಗಳ ಸುತ್ತ ಜಾಗಕ್ಕೆ ಬರವಿಲ್ಲ, ಆದರೆ ಜಾಗ ಅವರದಲ್ಲ. ನಾಳೆ ಬೇರೆ ತೋಟಕ್ಕೆ ಹೋಗುವವರು ನುಗ್ಗೆ ಕಡ್ಡಿ ನೆಡುವುದು ಯಾವ ನಂಬಿಕೆಯ ಮೇಲೆ? ಬಟವಾಡೆಯ ದಿನ ಸಂತೆಗೆ ಹೋಗಿ ಒಣಮೀನು, ಈರುಳ್ಳಿ, ಆಲೂಗಡ್ಡೆ ತರುತ್ತಾರೆ. ಮಳೆಗಾಲದಲ್ಲಿ ಕಳಲೆ, ಅಣಬೆ, ಕೆಸ, ಗದ್ದೆಯ ಏಡಿ. ಈ ಒಣಮೀನು, ಏಡಿ, ಬೋಟಿ ಯಾವುದೂ ನಮ್ಮ ಚಾರ್ಟಿನಲ್ಲಿ ಇರಲಿಲ್ಲ. ಚಾರ್ಟ್ ಮಾಡಿದವರು ಯಾವ ಮನೆಯಲ್ಲಿ ಉಂಡು ಬೆಳೆದವರು ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಅದನ್ನು ಮಾಡಿದ ಸಮಿತಿಯಲ್ಲಿ ನಾನೂ ಇದ್ದೆ.

ಈಗ ಹೊಸಬರು ಬಂದರೆ ಮೊದಲು ಕೇಳುವುದು ಒಲೆ ಕಟ್ಟೆ ಮೇಲಿದೆಯೋ ನೆಲದಲ್ಲಿದೆಯೋ, ಕಾರ್ಡು ಯಾವುದು, ಹಿತ್ತಲಿದೆಯೋ ಎಂದು. ಫಾರಂನಲ್ಲಿ ಅದಕ್ಕೆ ಜಾಗವಿಲ್ಲ, ಅಂಚಿನಲ್ಲಿ ಪೆನ್ನಿನಲ್ಲಿ ಬರೆಯುತ್ತೇನೆ. ಆಕೆಗೆ ಬರೆದದ್ದು ಇಷ್ಟು: ತಟ್ಟೆಯ ಅನ್ನದಲ್ಲಿ ಮೂರನೇ ಒಂದು ಪಾಲು ಕಡಿಮೆ. ಹುರುಳಿಕಾಳು ಬೇಯಿಸಿ, ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಮುದ್ದೆಯಾಗದಿದ್ದರೆ ರಾಗಿ ರೊಟ್ಟಿ, ಅದಕ್ಕೆ ಕಟ್ಟೆಯೇ ಅನುಕೂಲ. ಬೆಳಿಗ್ಗೆ ಬಸ್ಸಿನ ಮುಂಚೆ ಬನ್ನು ಟೀ ಬದಲು ಒಂದು ಮೊಟ್ಟೆ.

"ಮೊಟ್ಟೆ ಮಗನಿಗೆ" ಅಂದರು.

"ಅವನಿಗೆ ಇಸ್ಕೂಲಲ್ಲಿ ಕೊಡ್ತಾರಲ್ಲ." ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಮಗ ಏಳನೇ ಕ್ಲಾಸು. "ಮನೇದು ನೀವು ತಿನ್ನಿ."

"ನಾನಾ?" ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಚಾರ್ಟನ್ನು ನನ್ನ ಕಡೆ ತಳ್ಳಿದರು. "ಇದ್ನ ದೊಡ್ಡಕ್ಷರದಲ್ಲಿ ಬರೆದು ಆಸ್ಪತ್ರೆ ಸೀಲ್ ಹಾಕಿ ಕೊಡಿ ಮೇಡಂ. ಅತ್ತೆಗೆ ತೋರಿಸ್ಬೇಕು."