ಮೆಟ್ಟಿಲು ಕಟ್ಟಿಸುವ ಹರಕೆಗೆ ಅಪ್ಪಣೆ ಯಾರದು?

ಕಾಡಿನೊಳಗಿನ ಬೆಟ್ಟದ ಮೇಲೊಂದು ಗುಡಿಯಿದೆ ಎಂದುಕೊಳ್ಳೋಣ. ಅದಕ್ಕೆ ಹೋಗುವ ಕಾಲುದಾರಿ ಮಳೆಗಾಲದಲ್ಲಿ ಜಾರುತ್ತದೆ. ಹರಕೆ ಈಡೇರಿದ ಭಕ್ತರೊಬ್ಬರು ತಮ್ಮ ಖರ್ಚಿನಲ್ಲಿಯೇ ಐವತ್ತು ಮೆಟ್ಟಿಲು ಹಾಕಿಸಿ, ಒಂದು ಬದಿಗೆ ಕಬ್ಬಿಣದ ಕಂಬಿ ಕೂರಿಸಲು ಮುಂದಾಗುತ್ತಾರೆ. ಮುನ್ನೂರು ವರ್ಷಗಳ ಹಿಂದಾಗಿದ್ದರೆ ಅವರ ಹೆಸರನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸುತ್ತಿದ್ದರು. ಈಗ ಅದೇ ಕೆಲಸ ಕೆಲವು ಕಡೆ ಸೇವೆಯೆನಿಸುತ್ತದೆ, ಕೆಲವು ಕಡೆ ಕಡತವಾಗುತ್ತದೆ, ಇನ್ನು ಕೆಲವು ಕಡೆ ಅರಣ್ಯ ಅಪರಾಧದ ಪ್ರಕರಣವಾಗುತ್ತದೆ. ಇದರ ಜೊತೆಗೆ ರೋಪ್‌ವೇ, ಘಾಟಿ ರಸ್ತೆ ಮತ್ತು ವಾಹನ ನಿಲುಗಡೆಯ ವಿವಾದಗಳೂ ಸೇರಿಕೊಂಡಿರುವುದರಿಂದ, ದೂರದ ದೇವಸ್ಥಾನಕ್ಕೆ ದಾರಿ ಮಾಡುವುದು ಯಾರ ಕೆಲಸ ಎಂಬ ಸರಳ ಪ್ರಶ್ನೆಗೂ ಈಗ ಒಂದೇ ಮಾತಿನ ಉತ್ತರ ಸಿಗುತ್ತಿಲ್ಲ.

ಧರ್ಮಶಾಸ್ತ್ರಗಳು ಯಜ್ಞಯಾಗಾದಿಗಳನ್ನು ಇಷ್ಟವೆಂದೂ, ಕೆರೆ, ಬಾವಿ, ಗುಡಿ, ತೋಪು, ಅನ್ನದಾನಗಳನ್ನು ಪೂರ್ತವೆಂದೂ ಕರೆದವು. ಬೆಟ್ಟದ ದಾರಿಗೆ ಮೆಟ್ಟಿಲು ಹಾಕಿಸುವುದು, ನಡುದಾರಿಯಲ್ಲಿ ಮಂಟಪ ಕಟ್ಟಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ಈ ಎರಡನೆಯ ಸಾಲಿಗೆ ಸೇರಿದ ಪುಣ್ಯಕಾರ್ಯಗಳು. ಅರಸ ಮಾಡಿಸಿದರೂ ವರ್ತಕ ಮಾಡಿಸಿದರೂ ಅದು ಭಕ್ತನ ಕೆಲಸವಾಗಿಯೇ ಎಣಿಕೆಯಾಗುತ್ತಿತ್ತು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದವು. ದಾರಿಯ ನಡುವೆ ಒಂದೇ ಬಂಡೆಯಲ್ಲಿ ಕಡೆದ ನಂದಿಯೂ ಆ ಕಾಲದ್ದೇ. ಏರುವವನಿಗೆ ಉಸಿರು ಕಟ್ಟುವ ಎತ್ತರದಲ್ಲಿ ನಂದಿ ಕುಳಿತಿರುವುದನ್ನು ನೋಡಿದರೆ, ದಾರಿಯನ್ನು ಯೋಜಿಸಿದವರು ಸ್ವತಃ ಬೆಟ್ಟ ಹತ್ತಿದವರೇ ಇರಬೇಕು ಎನ್ನಿಸುತ್ತದೆ. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆ ಅಲ್ಲಿ ಇಂದಿಗೂ ನಡೆದಿದೆ. ಅಂದರೆ ಅಲ್ಲಿ ಮೆಟ್ಟಿಲೂ ಪೂಜೆಗೆ ಸಲ್ಲುತ್ತದೆ.

ಈ ವ್ಯವಸ್ಥೆ ಬದಲಾದದ್ದು ಎರಡು ಕಡೆಯಿಂದ. ದೇವಸ್ಥಾನದ ಆಡಳಿತ ಮುಜರಾಯಿಯ ಲೆಕ್ಕಕ್ಕೆ ಬಂದು, 1927ರ ಮೈಸೂರು ಕಾಯ್ದೆಯನ್ನೂ ಅನಂತರ 1997ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಯಾದ ಧಾರ್ಮಿಕ ದತ್ತಿ ಕಾಯ್ದೆಯನ್ನೂ ದಾಟಿ ಬಂತು. ದೇವಸ್ಥಾನದ ಸುತ್ತಲಿನ ನೆಲವು 1900ರ ಮೈಸೂರು ಅರಣ್ಯ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆಗಳ ಮೂಲಕ ಅರಣ್ಯ ಇಲಾಖೆಯ ಕೈಗೆ ಬಂತು. ಹೀಗೆ ಗುಡಿಗೆ ಒಬ್ಬರು, ಗುಡಿಯ ದಾರಿಗೆ ಇನ್ನೊಬ್ಬರು ಯಜಮಾನರಾದರು. ಕಾಯ್ದಿಟ್ಟ ಅರಣ್ಯವನ್ನು ಘೋಷಿಸುವಾಗ ಹಳ್ಳಿಯವರ ದಾರಿಯ ಹಕ್ಕನ್ನು ವಿಚಾರಿಸಿ ದಾಖಲಿಸುವ ಕ್ರಮವೇನೋ ಇತ್ತು. ಆದರೆ ಅದು ಸಾಮಾನ್ಯವಾಗಿ ನಡೆದು ಹೋಗಿ ಬರುವ ಹಕ್ಕೇ ಹೊರತು, ಕಲ್ಲು ಸೀಳಿ, ನೆಲ ಅಗೆದು ದಾರಿಯನ್ನು ಬೇರೆಯ ರೂಪಕ್ಕೆ ತರುವ ಹಕ್ಕಾಗಿರಲಿಲ್ಲ.

ಆದರೂ ದಶಕಗಳ ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಾರಣ ಸರಳ: ಭಕ್ತ ತನ್ನ ಹೆಗಲ ಮೇಲೆ ಹೊತ್ತು ತರಬಲ್ಲಷ್ಟನ್ನೇ ಕಟ್ಟುತ್ತಿದ್ದ. ಬೆಟ್ಟದಲ್ಲಿ ಸಿಕ್ಕ ಕಲ್ಲನ್ನೇ ಹಾಸಿ, ಊರಿನವರು ಜಾತ್ರೆಗೆ ಮುಂಚೆ ಒಂದು ದಿನ ಸೇರಿ ಪೊದೆ ಸವರಿ, ಕೊಚ್ಚಿಹೋದ ಜಾಗಕ್ಕೆ ಮಣ್ಣು ತುಂಬಿದರೆ ಆ ವರ್ಷದ ಕೆಲಸ ಮುಗಿಯುತ್ತಿತ್ತು. ಮರದ ಬೇರನ್ನು ಕಡಿಯುವ ಬದಲು ಅದನ್ನೇ ಮೆಟ್ಟಿಲಾಗಿ ಬಳಸಿಕೊಂಡ ದಾರಿಗಳು ಮಲೆನಾಡಿನಲ್ಲಿ ಇನ್ನೂ ಕಾಣಸಿಗುತ್ತವೆ.

ಮೋಟಾರು ಬಂದ ಮೇಲೆ ದಾರಿ ಎಂಬ ಮಾತಿನ ಅರ್ಥವೇ ಬದಲಾಯಿತು. ತಿರುಮಲೆಗೆ ಮೊದಲ ಘಾಟಿ ರಸ್ತೆ ತೆರೆದದ್ದು 1944ರಲ್ಲಿ. ಅದರ ಯೋಜನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಕೈವಾಡವಿತ್ತು. ಎರಡನೆಯದು 1974ರಲ್ಲಿ ಬಂತು. ಅಲ್ಲಿಂದ ಮುಂದೆ ದಕ್ಷಿಣದ ಪ್ರತಿ ಬೆಟ್ಟದ ದೇವರಿಗೂ ಅಂಥದೊಂದು ರಸ್ತೆ ಬೇಕು ಎಂಬ ಬೇಡಿಕೆ ಸಹಜವಾಗಿ ಹುಟ್ಟಿಕೊಂಡಿತು. ತಿರುಮಲೆಯಲ್ಲಿ ಅಲಿಪಿರಿಯ ಮೆಟ್ಟಿಲುದಾರಿಯನ್ನು ಕೈಬಿಡದೆ, ಅದಕ್ಕೆ ಸೂರು ಹಾಕಿ, ನಡೆದು ಹತ್ತುವವರ ಗಂಟುಮೂಟೆಯನ್ನು ಉಚಿತವಾಗಿ ಮೇಲಕ್ಕೆ ಸಾಗಿಸುವ ಏರ್ಪಾಡನ್ನು ಮಾಡಿದರು ಎಂಬ ಸಂಗತಿ ಮಾತ್ರ ಉಳಿದ ಕಡೆ ಅಷ್ಟಾಗಿ ಅನುಕರಣೆಯಾಗಲಿಲ್ಲ. ರಸ್ತೆ ಬಂದ ಕಡೆಯೆಲ್ಲ ಹಳೆಯ ಮೆಟ್ಟಿಲುಗಳ ನಡುವೆ ಹುಲ್ಲು ಬೆಳೆಯಿತು.

ಸಣ್ಣ ಗುಡಿಯ ದಾರಿ ಹೇಗೆ ರಸ್ತೆಯಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂದಿನ ಗೊಂದಲದ ಬೇರು ಇರುವುದು ಇಲ್ಲಿಯೇ. ಮೊದಲು ಜೀರ್ಣೋದ್ಧಾರದ ಮಾತು ಬರುತ್ತದೆ. ಗರ್ಭಗುಡಿಗೆ ಸಿಮೆಂಟು, ಜಲ್ಲಿ, ಕಬ್ಬಿಣ ಬೇಕು; ತಲೆಹೊರೆಯಲ್ಲಿ ತರಿಸಿದರೆ ಸಾಮಾನಿನ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ. ಆದ್ದರಿಂದ ಟ್ರ್ಯಾಕ್ಟರ್ ಹೋಗುವಷ್ಟು ಮಾತ್ರ, ಅದೂ ಕೆಲಸ ಮುಗಿಯುವವರೆಗೆ ಮಾತ್ರ, ದಾರಿಯನ್ನು ಅಗಲ ಮಾಡಿಕೊಳ್ಳೋಣ ಎಂದು ಸಮಿತಿ ತೀರ್ಮಾನಿಸುತ್ತದೆ. ಕುಂಭಾಭಿಷೇಕ ಮುಗಿದ ಮೇಲೆ ಆ ದಾರಿಯನ್ನು ಯಾರೂ ಮುಚ್ಚುವುದಿಲ್ಲ. ವಯಸ್ಸಾದವರನ್ನು ಕರೆದೊಯ್ಯಲು ಜೀಪು ಬರುತ್ತದೆ, ಜೀಪು ಹೂತುಕೊಳ್ಳುವ ತಿರುವಿಗೆ ಜಲ್ಲಿ ಬೀಳುತ್ತದೆ, ಜಲ್ಲಿ ಕೊಚ್ಚಿಹೋಗುವ ಇಳಿಜಾರಿಗೆ ಕಾಂಕ್ರೀಟು ಬರುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಮೊದಲಿನಿಂದಲೂ ಇದ್ದ ರಸ್ತೆ ಎನಿಸಿಬಿಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪ್ರತಿ ಹೆಜ್ಜೆಗೂ ಒಂದು ಒಳ್ಳೆಯ ಕಾರಣವಿತ್ತು.

ತೊಂದರೆ ಕಾಣಿಸಿಕೊಳ್ಳುವುದು ಮಣ್ಣಿನಲ್ಲಿ. ಕಾಲುದಾರಿ ಬೆಟ್ಟದ ಇಳಿಜಾರಿಗೆ ಅಂಟಿಕೊಂಡೇ ಸಾಗುತ್ತದೆ. ವಾಹನದ ದಾರಿಗಾದರೋ ಇಳಿಜಾರಿನ ಬುಡವನ್ನೇ ಕತ್ತರಿಸಬೇಕಾಗುತ್ತದೆ. ಬುಡದ ಆಧಾರ ತಪ್ಪಿದ ಮಣ್ಣಿನೊಳಗೆ ಮಳೆನೀರು ಇಳಿದು, ಅದು ಹೊರಹೋಗಲು ಚರಂಡಿಯಿಲ್ಲದಿದ್ದರೆ ಮೇಲಿನ ಭಾಗ ಜರಿಯುತ್ತದೆ. 2021ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದು ಬಹುಕಾಲ ಸಂಚಾರ ನಿಂತಿದ್ದನ್ನು ಮೈಸೂರಿನವರು ಮರೆತಿಲ್ಲ. ಮೆಟ್ಟಿಲಿನಲ್ಲಿಯೂ ಇದೇ ಸೂಕ್ಷ್ಮವಿದೆ. ಕಲ್ಲುಚಪ್ಪಡಿಯ ಸಂದುಗಳಲ್ಲಿ ನೀರು ಇಂಗುತ್ತದೆ. ಸಂದಿಲ್ಲದ ಕಾಂಕ್ರೀಟು ಮೆಟ್ಟಿಲಿನ ಮೇಲೆ ಅದೇ ನೀರು ಹೊಳೆಯಂತೆ ಹರಿದು ಪಾಚಿ ಕಟ್ಟುತ್ತದೆ. ನುಣುಪಾದ ಗ್ರಾನೈಟನ್ನು ಪ್ರೀತಿಯಿಂದ ಹಾಸಿಸಿದ ದಾನಿಗಳಿಗೆ, ಮಳೆಯಲ್ಲಿ ಬರಿಗಾಲಿನ ಭಕ್ತರು ಅದರ ಮೇಲೆ ಜಾರುತ್ತಾರೆ ಎಂಬುದು ಆಷಾಢ ಬಂದಾಗಲೇ ತಿಳಿಯುತ್ತದೆ. ಹೀಗಾಗಿ ಒರಟು ಕಲ್ಲು, ಎತ್ತರ ಕಡಿಮೆಯಿರುವ ಮೆಟ್ಟಿಲು, ಹತ್ತಿಪ್ಪತ್ತು ಮೆಟ್ಟಿಲಿಗೊಂದು ಸಮತಟ್ಟಾದ ಜಾಗ, ಬದಿಯಲ್ಲಿ ನೀರಿಗೊಂದು ಕಾಲುವೆ ಎಂಬ ಹಳಬರ ಲೆಕ್ಕಾಚಾರವನ್ನು ಇವತ್ತಿನ ಅಂದಾಜುಪಟ್ಟಿಗಳೂ ಸೇರಿಸಿಕೊಂಡಿದ್ದರೆ ಅರ್ಧ ತಕರಾರು ಹುಟ್ಟುತ್ತಲೇ ಇರಲಿಲ್ಲ.

ಈ ನಡುವೆ ಕಾನೂನು ಬಿಗಿಯಾಗುತ್ತಾ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1980ರ ಅಕ್ಟೋಬರ್ 25ರಿಂದ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಯಾಗಿ, ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕೆಂದಾಯಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಈ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆ ಎಂದಿತು. ಅಂದಿನಿಂದ ಯಾವ ಗುಡಿಯ ದಾರಿಯ ಬಗ್ಗೆ ಅರ್ಜಿ ಹೋದರೂ ಮೊದಲು ಎದುರಾಗುವ ಪ್ರಶ್ನೆ, ಈ ದಾರಿ 1980ಕ್ಕೂ ಮುಂಚೆ ಇತ್ತೇ, ಇದ್ದರೆ ಎಷ್ಟು ಅಗಲವಿತ್ತು ಎಂಬುದು. ಅಜ್ಜನ ಕಾಲದಿಂದ ಪರಿಷೆ ನಡೆದಿದೆ ಎಂದು ಇಡೀ ಊರು ಹೇಳಿದರೂ, ಅಗಲಕ್ಕೆ ಸಾಕ್ಷಿ ಒದಗಿಸುವ ನಕ್ಷೆ ಬಹಳ ಸಲ ಸಿಗುವುದಿಲ್ಲ. ನಡೆದವರ ಕಾಲು ಸವೆಸಿದ ಕಲ್ಲನ್ನು ಕಡತಕ್ಕೆ ಲಗತ್ತಿಸುವುದು ಹೇಗೆ?

ಅರಣ್ಯವಾಸಿಗಳಿಗೆ ಮಾತ್ರ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಕಿರುಬಾಗಿಲನ್ನು ತೆರೆಯಿತು. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಜಮೀನು ಬಿಟ್ಟುಕೊಡಬಹುದು. ಆ ಪಟ್ಟಿಯಲ್ಲಿ ರಸ್ತೆಯಿದೆ, ದೇವಸ್ಥಾನವಿಲ್ಲ. ದೇವರ ದಾರಿಯೇ ಹಾಡಿಯ ದಾರಿಯೂ ಆಗಿರುವ ಕಡೆ ಇದು ನೆರವಾಗಬಲ್ಲದು. 2011ರಲ್ಲಿ ಹುಲಿ ರಕ್ಷಿತಾರಣ್ಯವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ರಂಗನಾಥನನ್ನು ತಮ್ಮ ಹುಡುಗಿ ಕುಸುಮಾಲೆಯನ್ನು ವರಿಸಿದ ಭಾವ ಎಂದು ಕರೆಯುತ್ತಾರೆ. ಭಾವನ ಮನೆಗೆ ಹೋಗಲು ಅವರಿಗೆ ಹೊಸ ದಾರಿ ಬೇಕಾಗಿರಲಿಲ್ಲ. ದೂರದಿಂದ ಬರುವ ನಮಗೆ ಬೇಕಾಯಿತು. ಪ್ರವೇಶ ಸುಗಮಗೊಳಿಸುವ ಮಾತು ಬಂದಾಗಲೆಲ್ಲ, ಅದು ಯಾರ ಪ್ರವೇಶ ಎಂಬುದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಸಿಗಂದೂರಿನ ಕಥೆಯಲ್ಲಿ ಆ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ಪೂರ್ಣಗೊಂಡಾಗ ಶರಾವತಿಯ ಹಿನ್ನೀರು ತುಮರಿ ಸುತ್ತಲಿನ ಹಳ್ಳಿಗಳನ್ನು ಸಾಗರದಿಂದ ಬೇರ್ಪಡಿಸಿತು. ಆಸ್ಪತ್ರೆಗೂ ಕಾಲೇಜಿಗೂ ಲಾಂಚನ್ನೇ ನಂಬಿದ ಅಲ್ಲಿಯ ಜನ ದಶಕಗಳ ಕಾಲ ಸೇತುವೆ ಕೇಳಿದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅಂದಿನ ಪ್ರಯಾಣ ಅಲ್ಲಿಗೆ ನಿಂತಂತೆ. ಚೌಡೇಶ್ವರಿಯ ದರ್ಶನಕ್ಕೆ ಬರುವವರ ಸಂಖ್ಯೆ ಏರಿದಂತೆ ಅದೇ ಲಾಂಚಿಗೆ ಸಾಲುಗಟ್ಟಿ ಕಾರುಗಳು ನಿಲ್ಲತೊಡಗಿದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.44 ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ 2025ರ ಜುಲೈ 14ರಂದು ತೆರೆಯಿತು. ದೇವಿಯ ಭಕ್ತರ ದೆಸೆಯಿಂದ ಊರಿಗೂ ದಾರಿಯಾಯಿತು ಎಂದು ಸಂತೋಷಪಡಬಹುದು. ವಿದ್ಯುತ್ತಿಗಾಗಿ ನೆಲ ಕಳೆದುಕೊಂಡವರ ಬೇಡಿಕೆಯೊಂದೇ ಸಾಕಾಗಬಹುದಿತ್ತಲ್ಲವೇ ಎಂದೂ ಅನ್ನಿಸದಿರದು.

ರೋಪ್‌ವೇ ಈ ಸರಣಿಯ ಇತ್ತೀಚಿನ ಅಧ್ಯಾಯ. ಕೇಂದ್ರದ 2022-23ರ ಬಜೆಟ್ಟಿನಲ್ಲಿ ಪರ್ವತಮಾಲಾ ಎಂಬ ರಾಷ್ಟ್ರೀಯ ರೋಪ್‌ವೇ ಕಾರ್ಯಕ್ರಮ ಪ್ರಕಟವಾದ ಮೇಲೆ ಕೊಲ್ಲೂರಿನಿಂದ ಕೊಡಚಾದ್ರಿಗೆ ತಂತಿ ಹಾಯಿಸುವ ಪ್ರಸ್ತಾವಕ್ಕೆ ಜೀವ ಬಂತು. ಚಾಮುಂಡಿ ಬೆಟ್ಟದ ರೋಪ್‌ವೇ ಮಾತು ಹಲವು ಬಾರಿ ಮೇಲೆದ್ದು, ಪ್ರತಿ ಬಾರಿಯೂ ಮೈಸೂರಿನ ನಾಗರಿಕರ ವಿರೋಧ ಎದುರಿಸಿದೆ. ಹನುಮ ಹುಟ್ಟಿದ ಜಾಗವೆಂದು ನಂಬಲಾದ ಆನೆಗೊಂದಿಯ ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ. ಅಲ್ಲಿಯೂ ತಂತಿದಾರಿಯ ಬೇಡಿಕೆಯಿದೆ. ಮಂಡಿನೋವಿನ ಹಿರಿಯರು ಮತ್ತು ಅಂಗವಿಕಲರ ಪಾಲಿಗೆ ಇದು ಹಟದ ಮಾತಲ್ಲ, ಹಕ್ಕಿನ ಮಾತು. ಮೆಟ್ಟಿಲನ್ನೇ ಹೊಗಳುತ್ತಾ ಕೂರುವವರು ಅವರಿಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಯಂತ್ರವು ಗಂಟೆಗೆ ಎಷ್ಟು ಜನರನ್ನು ಮೇಲಕ್ಕೆ ಒಯ್ಯುತ್ತದೆ ಎಂಬ ಲೆಕ್ಕ ಹಾಕುವಾಗ, ಮೇಲೆ ಎಷ್ಟು ನೀರಿದೆ, ಶೌಚಾಲಯದ ನೀರು ಎತ್ತ ಹರಿಯುತ್ತದೆ, ಪ್ರಾಂಗಣ ಎಷ್ಟು ಜನರನ್ನು ತಾಳುತ್ತದೆ ಎಂಬ ಲೆಕ್ಕವೂ ಜೊತೆಗಿರಬೇಕು. ಮೆಟ್ಟಿಲುದಾರಿಯಲ್ಲಿ ಆ ಲೆಕ್ಕವನ್ನು ಆಯಾಸವೇ ನೋಡಿಕೊಳ್ಳುತ್ತಿತ್ತು.

ಇವೆರಡರ ನಡುವೆ ಇನ್ನೊಂದು ದಾರಿ ಇಲ್ಲದಿಲ್ಲ. ಬಂಡೀಪುರದೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲುತ್ತವೆ, ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಹೋಗುತ್ತದೆ. ರಸ್ತೆ ಅಗಲವಾಗದೆಯೂ ವಯಸ್ಸಾದವರಿಗೆ ದರ್ಶನ ಸಿಗುತ್ತದೆ. ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಚಿಕ್ಕಮಗಳೂರಿನ ಬಿಂಡಿಗದ ದೇವೀರಮ್ಮನ ಬೆಟ್ಟ. ದೀಪಾವಳಿಯ ಹೊತ್ತಿನಲ್ಲಿ ಮಾತ್ರ ತೆರೆಯುವ ಆ ಬೆಟ್ಟಕ್ಕೆ ಮೆಟ್ಟಿಲಿಲ್ಲ. ಜನ ಬರಿಗಾಲಲ್ಲಿ, ಹುಲ್ಲು ಕಲ್ಲು ಹಿಡಿದು ಹತ್ತುತ್ತಾರೆ. 2024ರಲ್ಲಿ ಮಳೆ ಸುರಿದು ಕೆಲವರು ಜಾರಿ ಬಿದ್ದು ಗಾಯಗೊಂಡರು. ಕಷ್ಟಪಟ್ಟು ಹತ್ತುವುದೇ ಹರಕೆಯಾಗಿರುವಲ್ಲಿ ಎಷ್ಟರಮಟ್ಟಿಗೆ ಕಷ್ಟ ತಗ್ಗಿಸಬೇಕು ಎಂಬುದನ್ನು ಎಂಜಿನಿಯರು ಒಬ್ಬರೇ ತೀರ್ಮಾನಿಸಲಾರರು.

ಹಣದ ಮಾತೂ ಒಂದಿದೆ. ರಾಜ್ಯದ ಮುಜರಾಯಿ ದೇವಸ್ಥಾನಗಳ ಸಂಖ್ಯೆ 34 ಸಾವಿರಕ್ಕೂ ಹೆಚ್ಚು. ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಸಿ ದರ್ಜೆಯವೇ ಅವುಗಳಲ್ಲಿ ಬಹುಪಾಲು. ದೊಡ್ಡ ಕ್ಷೇತ್ರಗಳಿಗೆ ಪ್ರಾಧಿಕಾರ, ಬಜೆಟ್ಟು, ವಿಸ್ತೃತ ಯೋಜನಾ ವರದಿ ಎಲ್ಲ ಇವೆ. ಸಿ ದರ್ಜೆಯ ಬೆಟ್ಟದ ಗುಡಿಗೆ ಇರುವುದು ಮೊದಲು ಹೇಳಿದ ಆ ಐವತ್ತು ಮೆಟ್ಟಿಲಿನ ಭಕ್ತರೊಬ್ಬರೇ. ವಿಚಿತ್ರವೆಂದರೆ, ನೂರಾರು ಕೋಟಿಯ ಯೋಜನೆಗೆ ಅರ್ಜಿ ಹೇಗೆ ಸಿದ್ಧಪಡಿಸಬೇಕೆಂದು ಹೇಳಿಕೊಡುವ ಸಲಹೆಗಾರರಿದ್ದಾರೆ, ಐವತ್ತು ಮೆಟ್ಟಿಲಿಗೆ ಯಾರೂ ಇಲ್ಲ. ಅವರು ಊರಿನ ಗ್ರಾಮಸಭೆಯ ನಿರ್ಣಯ ಪಡೆದು, ಮುಜರಾಯಿಯ ಅಧೀನದ ಗುಡಿಯಾದರೆ ತಹಶೀಲ್ದಾರರ ಕಚೇರಿಗೂ, ದಾರಿ ಕಾಡಿನದಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೂ ಅಲೆದು, ಹಳೆಯ ದಾರಿಯ ಅಗಲ ಮೀರುವುದಿಲ್ಲ, ಮರ ಕಡಿಯುವುದಿಲ್ಲ, ಯಂತ್ರ ತರುವುದಿಲ್ಲ ಎಂದು ಬರೆದುಕೊಟ್ಟ ಮೇಲೂ ಕಾಯಬೇಕಾಗುತ್ತದೆ. ಬೆಟ್ಟದಲ್ಲಿ ಕಲ್ಲುಕೆಲಸಕ್ಕೆ ಸಿಗುವುದು ಜನವರಿಯಿಂದ ಮೇ ತಿಂಗಳವರೆಗಿನ ಒಣ ದಿನಗಳು ಮಾತ್ರ. ಕಾಳ್ಗಿಚ್ಚಿನ ಭಯದಿಂದ ಕಾಡಿನೊಳಗೆ ಹೊರಗಿನವರ ಓಡಾಟವನ್ನು ಬಿಗಿಗೊಳಿಸುವುದೂ ಆ ದಿನಗಳಲ್ಲಿಯೇ.