ನೆಲದ ಮೇಲಿನ ಬೋಲ್ಟಿನ ತೂತುಗಳು

ಮುಚ್ಚಿದ ಬಟ್ಟೆ ಗಿರಣಿಗಳ ಫೋಟೊ ತೆಗೆಯಲು ಮುಂಬೈಯ ಪರೇಲ್, ಲಾಲ್‌ಬಾಗ್ ಕಡೆ ಬರುವ ಹುಡುಗರು ಮೊದಲು ಕ್ಯಾಮೆರಾ ಎತ್ತುವುದು ಚಿಮಣಿಯತ್ತ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ಕೇಳಿದರೆ, ಒಳಗೆ ಹೋಗಿ ಮೊದಲು ನೆಲ ನೋಡಿ ಎನ್ನುತ್ತೇನೆ. ಚಿಮಣಿಯನ್ನು ಉಳಿಸುವವರು ಸಿಗುತ್ತಾರೆ. ಫೀನಿಕ್ಸ್ ಗಿರಣಿಯದು ಮಾಲ್‌ನ ನಡುವೆ ಇವತ್ತಿಗೂ ನಿಂತಿದೆ. ನೆಲ ಉಳಿಸಿದವರನ್ನು ನಾನು ಕಂಡಿಲ್ಲ.

ಇದನ್ನು ನನಗೆ ಕಲಿಸಿದವರು ಇಂಡಿ ಕಡೆಯ ಒಬ್ಬ ಹಿರಿಯರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಕೆಲಸ ಬಿಟ್ಟು ಹೊರಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ಮತ್ತೆ ಒಳಗೆ ಹೋಗಲಿಲ್ಲ. ನಮ್ಮ ದೊಡ್ಡಪ್ಪನ ಹೋಟೆಲಿನಲ್ಲಿ ಅವರ ಮುಂದೆ ನನ್ನ ಪ್ರಿಂಟುಗಳನ್ನು ಹರಡಿದೆ. ಮುರಿದ ಗಾಜು, ಗೋಡೆ ಸೀಳಿದ ಅರಳಿ ಗಿಡ, ಪಾರಿವಾಳ. ಎಲ್ಲ ನೋಡಿ ಕೇಳಿದರು: "ಚಲೋ ಅದಾವ ತಮ್ಮಾ. ನಾ ನಿಂತಿದ್ದ ಜಾಗಾ ಎಲ್ಲೈತಿ ಇದ್ರಾಗ?"

ಮಗ್ಗಕ್ಕೆ ಇಲ್ಲಿನ ಗಿರಣಿಯವರು ಸಾಚಾ ಎನ್ನುತ್ತಿದ್ದರು. ಸಾಚಾಗಳು ಗುಜರಿಗೆ ಹೋದರೂ ಅವನ್ನು ಬಿಗಿದಿದ್ದ ಬೋಲ್ಟಿನ ತೂತುಗಳು ಸಾಲಾಗಿ ಉಳಿದಿರುತ್ತವೆ. ಎರಡು ಸಾಲುಗಳ ನಡುವೆ ಎಣ್ಣೆ ಹೀರಿ ಕಪ್ಪಾದ, ಕಾಲು ತಾಗಿ ತಾಗಿ ನುಣುಪಾದ ಒಂದು ಪಟ್ಟಿ. ನೇಕಾರ ನಿಂತಿದ್ದು ಅಲ್ಲಿ. ಟ್ರೈಪಾಡನ್ನು ಅಲ್ಲೇ ಇಡಿ, ಲೆನ್ಸು ಎದೆಯ ಎತ್ತರಕ್ಕಿರಲಿ. ನೆಲಕ್ಕೆ ತಾಗಿಸಿ ಅಗಲದ ಲೆನ್ಸಿನಲ್ಲಿ ತೆಗೆದರೆ ಶೆಡ್ಡು ದೇವಸ್ಥಾನದಷ್ಟು ದೊಡ್ಡದಾಗಿ ಕಾಣುತ್ತದೆ. ಅದು ಕೆಲಸ ಮಾಡಿದವರು ಕಂಡ ಶೆಡ್ಡಲ್ಲ.

ಬೆಳಕಿನದೇ ಒಂದು ಕಥೆ. ಗರಗಸದ ಹಲ್ಲಿನಂಥ ಆ ಛಾವಣಿಯ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ. ಹರಿದ ಎಳೆ ನೇಕಾರನ ಕಣ್ಣಿಗೆ ಬೀಳಲು ನೆರಳಿಲ್ಲದ ಬೆಳಕು ಬೇಕಿತ್ತು. ಈ ಬಗೆಯ ಛಾವಣಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕಿರುತ್ತಾನೆ. ಮುಂಬೈಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನೆತ್ತಿ ದಾಟಿ ತುಸು ಉತ್ತರಕ್ಕೆ ವಾಲುತ್ತಾನೆ. ಹಾಗಾಗಿ ಸಮನಾದ ಬೆಳಕು ಬೇಕಿದ್ದರೆ ಡಿಸೆಂಬರಿನಲ್ಲಿ ಹೋಗಿ. ಫ್ಲಾಶ್ ಬೇಡವೇ ಬೇಡ. ಗಾಜಿಗೂ ನೆಲಕ್ಕೂ ಬೆಳಕಿನ ಅಂತರ ಬಹಳ, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಫೋಟೊ ತೆಗೆದುಕೊಳ್ಳಿ. ಆದರೆ ನೆರಳಿಲ್ಲದ ಆ ಬೆಳಕಿನಲ್ಲಿ ತೂತುಗಳು ಮಾಯವಾಗುತ್ತವೆ. ಅವಕ್ಕೆಂದೇ ನಾನು ಟಾರ್ಚನ್ನು ನೆಲಕ್ಕೆ ಒರಗಿಸಿ ಪಕ್ಕದಿಂದ ಬೆಳಕು ಬಿಡುತ್ತೇನೆ.

ಲಿಖಿತ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ವಾಚ್‌ಮನ್ ಸುಮ್ಮನೆ ಒಳಗೆ ಬಿಟ್ಟರೆ ನಾಳೆ ಅವನ ಕೆಲಸ ಹೋಗುತ್ತದೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿ. ಮಹಡಿಯ ಮರದ ಹಲಗೆಗಳನ್ನು ನಂಬಬೇಡಿ.

ಎರಡನೇ ಸಲ ಹಿರಿಯರ ಬಳಿ ಹೋದಾಗ ನೆಲದ ಒಂದೇ ಪ್ರಿಂಟು ಒಯ್ದಿದ್ದೆ. ಕಂಬದ ಮೇಲಿನ ನಂಬರನ್ನು ಕಣ್ಣು ಕಿರಿದು ಮಾಡಿ ಓದಿಕೊಂಡರು. "ಇದು ನಂದಲ್ಲ ತಮ್ಮಾ, ನಂದು ಇನ್ನ ಎರಡು ಕಂಬ ಆಚಿಗೆ" ಎಂದರು. ಅವರ ಬೆರಳು ಪ್ರಿಂಟಿನ ಬಿಳಿ ಅಂಚು ದಾಟಿ ಮೇಜಿನ ಮೇಲೆ ನಿಂತಿತ್ತು.